ಅಡುಗೆಮನೆಯ ಪಾಳಿ ಪಟ್ಟಿ

ಮೂವತ್ತೊಂದು ವರ್ಷ ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ನಿಂತು, ಅದರಲ್ಲಿ ಕೊನೆಯ ಹದಿನಾಲ್ಕು ವರ್ಷ ಮೇಸ್ತ್ರಿಯಾಗಿ ನೂರಿಪ್ಪತ್ತು ಹೆಂಗಸರ ಪಾಳಿ ಬರೆದ ಅತ್ತೆಗೆ ಮನೆಯ ನಾಲ್ಕು ಜನರ ಪಾಳಿ ಬರೆಯುವುದು ನೀರು ಕುಡಿದಷ್ಟು ಸುಲಭವಾಗಿತ್ತು. ಕಷ್ಟವಾದದ್ದು ಅದನ್ನು ಓದಿದವರಿಗೆ. ಆ ಸೋಮವಾರ ಅಡುಗೆಮನೆಯ ಕಪಾಟಿನ ಬಾಗಿಲಿಗೆ ನಾಲ್ಕು ಡ್ರಾಯಿಂಗ್ ಪಿನ್ನು ಚುಚ್ಚಿ ಆಕೆ ಮೊದಲ ಪಟ್ಟಿ ನೇತುಹಾಕಿದಾಗ, ಬೆಳಗಿನ ಪಾಳಿ ಮುಗಿಸಿ ಬಂದ ಬಸ್ ಡ್ರೈವರ್ ಮಗ ಚಹಾದ ಲೋಟ ಹಿಡಿದುಕೊಂಡು ಅದರ ಮುಂದೆ ಬಹಳ ಹೊತ್ತು ನಿಂತ.

"ಅಮ್ಮ, 'ಸಂಜೆ ಪಾತ್ರೆ, ಮಗ' ಅಂತ ಬರೆದಿದ್ದೀಯ. ಯಾವ ಮಗ?"

"ನಾನು ಹೆತ್ತಿದ್ದು ಒಬ್ಬನನ್ನೇ."

ಚಹಾ ಆರಿಹೋಯಿತು. ಸೊಸೆ ಹೊಲಿಗೆ ಅಂಗಡಿಯಲ್ಲಿದ್ದುದರಿಂದ ಈ ಮಾತುಕತೆಗೆ ಸಾಕ್ಷಿಯಾಗಿದ್ದವಳು ಮೊಮ್ಮಗಳೊಬ್ಬಳೇ. ಅವಳು ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. ಯಾರ ಮುಖ ಯಾವಾಗ ಬಾಡುತ್ತದೆ ಎಂದು ನೋಡಿ ಹೇಳುವುದರಲ್ಲಿ ಪಳಗಿದ್ದಳು. ಅಮ್ಮ ಬಂದೊಡನೆ, ಅಪ್ಪನ ಮುಖ ಹೇಗಿತ್ತು ಎಂಬುದನ್ನು ಎರಡು ಸಲ ಅಭಿನಯಿಸಿ ತೋರಿಸಿದಳು.

ಇಷ್ಟಕ್ಕೆಲ್ಲ ಕಾರಣ ಆ ಸೊಸೆಯೇ. ಕಟ್ಟಡದ ಹನ್ನೆರಡು ಮನೆಗಳಿಗೂ ಅವಳು ಟೇಲರಕ್ಕ. ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಕಿತ್ತುಹೋದ ಜಿಪ್ ಬದಲಿಸುವುದು, ದಪ್ಪಗಾದವರ ಕೋಟಿನ ಪಕ್ಕ ಬಿಚ್ಚುವುದು, ಹೀಗೆ ಹದಿನಾರು ವರ್ಷ. ಅಂಗಡಿಯ ಮೇಲಿನ ಮಹಡಿಯಲ್ಲಿ ಉಚಿತ ಕಾನೂನು ನೆರವಿನ ಕೇಂದ್ರವಿತ್ತು. ಅಲ್ಲಿನ ವಕೀಲೆಯ ಕರಿಕೋಟಿಗೆ ಹೊಸ ಒಳಪದರ ಹೊಲಿದು ಕೊಡಲು ಒಂದು ದಿನ ಮೇಲೆ ಹೋದವಳು, ಬೆಂಚಿನ ಮೇಲೆ ಕೂತ ಒಬ್ಬ ಮುದುಕನಿಗೆ ಯಾರೋ ಹೆಂಗಸು ಅರ್ಜಿ ಓದಿ ಹೇಳುತ್ತಿದ್ದುದನ್ನು ಕೇಳುತ್ತ ನಿಂತುಬಿಟ್ಟಳು. ಮುದುಕನ ಮನಸ್ಸಿನ ಮಾತೇ ಕಾಗದದ ಮೇಲೆ ಸಾಲಾಗಿ ಕೂತಿತ್ತು. ಅದನ್ನು ಬರೆದವರು ವಕೀಲರೇ ಎಂದು ಕೇಳಿದಳು. ಅಲ್ಲ, ಆಕೆ ಕೇಂದ್ರದ ಕಾನೂನು ಸಹಾಯಕಿ, ಎರಡು ವರ್ಷದ ಹಿಂದೆ ಇದೇ ರಸ್ತೆಯ ತುದಿಯಲ್ಲಿ ತರಕಾರಿ ಮಾರುತ್ತಿದ್ದಳು ಎಂದು ಉತ್ತರ ಬಂತು. ಹತ್ತನೇ ತರಗತಿ ಪಾಸಾಗಿರಬೇಕು. ವಾರಕ್ಕೆ ಮೂರು ಸಂಜೆ, ಐದೂವರೆಯಿಂದ ಎಂಟರವರೆಗೆ, ಆರು ತಿಂಗಳ ತರಬೇತಿ. ಟೇಲರಕ್ಕ ಕೋಟು ಕೊಟ್ಟು, ಅರ್ಜಿ ನಮೂನೆ ತೆಗೆದುಕೊಂಡು ಇಳಿದಳು.

ಊಟಕ್ಕೆ ಕೂತಾಗ ಸುದ್ದಿ ಹೇಳಿದಳು. ಅನ್ನ, ಬೇಳೆ, ಬೇಯಿಸಿದ ಆಲೂಗಡ್ಡೆ ಎಲ್ಲರ ತಟ್ಟೆಗೂ ಬಿದ್ದ ಮೇಲೆ ಹೇಳಿದ್ದು. ಹೊಟ್ಟೆಗೆ ಬೀಳುವ ಮುಂಚೆ ಯಾರಿಗೂ ಏನೂ ಹೇಳಬಾರದು ಎಂಬುದು ಅವಳು ಈ ಮನೆಗೆ ಬಂದ ಮೊದಲ ವಾರವೇ ಕಲಿತದ್ದು. ಗಂಡ ತುತ್ತು ಕೆಳಗಿಟ್ಟ.

"ಈ ವಯಸ್ಸಲ್ಲಿ ಪುಸ್ತಕ ಹಿಡ್ಕೊಂಡು ಹೊರಟರೆ ಜನ ಏನಂತಾರೆ?"

"ಜನ ನಮಗೆ ಊಟ ಹಾಕ್ತಾರಾ ಅಪ್ಪ?" ಎಂದಳು ಮಗಳು.

"ನಾನೂ ಅದನ್ನೇ ಕೇಳ್ತಿರೋದು. ಊಟ ಯಾರು ಹಾಕ್ತಾರೆ?"

ಅಲ್ಲಿಗೆ ಪ್ರಶ್ನೆ ಅದರ ಸರಿಯಾದ ಜಾಗಕ್ಕೆ ಬಂದು ಕೂತಿತು. ಟೇಲರಕ್ಕ ಓದಬೇಕೇ ಬೇಡವೇ ಎಂಬುದು ಆ ಮನೆಯಲ್ಲಿ ಯಾವತ್ತೂ ಪ್ರಶ್ನೆಯಾಗಿರಲಿಲ್ಲ. ಸಂಜೆ ಆರರಿಂದ ಎಂಟರವರೆಗೆ ಒಲೆಯ ಮುಂದೆ ಯಾರ ಕಾಲು ನಿಲ್ಲಬೇಕು ಎಂಬುದೊಂದೇ ಪ್ರಶ್ನೆ. ಇಪ್ಪತ್ತೊಂದು ವರ್ಷ ಅವಳ ಕಾಲು ನಿಂತಿದ್ದವು, ಯಾರೂ ಕೇಳಿರಲಿಲ್ಲ. ಈಗ ಕೇಳುವ ಹೊತ್ತಿಗೆ ಎಲ್ಲರಿಗೂ ತಮ್ಮತಮ್ಮ ಕಾಲು ನೆನಪಾದವು. ಗಂಡ ಬೆಳಿಗ್ಗೆ ಐದಕ್ಕೆ ಬಸ್ಸು ತೆಗೆಯುವವನು, ಕ್ಲಚ್ ತುಳಿದು ತುಳಿದು ಎಡಗಾಲು ಮರಗಟ್ಟುತ್ತದೆ ಎಂದ. ಮಗಳು ದಿನವೆಲ್ಲ ಕೌಂಟರಿನಲ್ಲಿ ನಿಂತೇ ಇರುವುದಾಗಿ ಹೇಳಿದಳು. ಅತ್ತೆ ತಟ್ಟೆ ಖಾಲಿ ಮಾಡಿದರು. ಆಮೇಲೆ ಕೈ ತೊಳೆದು ಬಂದು ಕೂತರು.

"ಆರು ತಿಂಗಳು. ಒಂದು ದಿನ ಹೆಚ್ಚಿಲ್ಲ. ನನ್ನ ಮಂಡಿ ಆಗಲೇ ನಿವೃತ್ತಿ ತಗೊಂಡಿದೆ, ಅದನ್ನ ಮತ್ತೆ ಕೆಲಸಕ್ಕೆ ಕರೀಬೇಡಿ. ಕೂತು ಹೆಚ್ಚಿ ಕೊಡ್ತೀನಿ. ಉಳಿದದ್ದನ್ನ ನೀವು ಮೂವರು ಹಂಚ್ಕೊಳಿ. ಹಂಚೋದು ನಾನು."

ಸೋಮವಾರ ಮತ್ತು ಶುಕ್ರವಾರದ ಅಡುಗೆ ಮಗನಿಗೆ, ಬುಧವಾರದ್ದು ಮೊಮ್ಮಗಳಿಗೆ, ದಿನದಿನದ ಸಂಜೆ ಪಾತ್ರೆ ಮಗನಿಗೆ. ಬೆಳಗಿನದೆಲ್ಲ ಮತ್ತು ಉಳಿದ ದಿನಗಳ ಅಡುಗೆ ಸೊಸೆಗೆ. ಆಗಿದ್ದರೆ ಸರಿ ಗುರುತು, ಆಗದಿದ್ದರೆ ತಪ್ಪು ಗುರುತು, ತಪ್ಪಿನ ಪಕ್ಕದಲ್ಲಿ ಕಾರಣ. ಕೆಳಗೆ ತಾರೀಕು, ಅತ್ತೆಯ ಸಹಿ.

ಪಟ್ಟಿಗೆ ಅತ್ತೆ ಹೊಸ ಹಾಳೆ ಮುಟ್ಟುತ್ತಿರಲಿಲ್ಲ. ಮನೆಗೆ ಬಂದ ಅಂಚೆ ಕವರಿನ ಮೂರು ಅಂಚನ್ನು ಚಾಕುವಿನಿಂದ ಸೀಳಿ, ಬಿಡಿಸಿ, ಅದರ ಒಳಮೈಯಲ್ಲಿ ಬರೆಯುವುದು. ಕಾರ್ಖಾನೆಯಲ್ಲಿ ಪಾಳಿ ಬರೆಯಲು ಎಣಿಸಿ ಹಾಳೆ ಕೊಡುತ್ತಿದ್ದರಂತೆ. ಮುಗಿದರೆ ಬಿಸ್ಕತ್ತಿನ ರಟ್ಟಿನ ಒಳಬದಿಯಲ್ಲಿ ಬರೆಯಬೇಕು, ಯಾವ ರಟ್ಟು, ಯಾವತ್ತಿನದು ಎಂದು ಮೂಲೆಯಲ್ಲಿ ಕಾಣಿಸಬೇಕು. ಆ ಅಭ್ಯಾಸವೂ ಆಕೆಯ ಜೊತೆ ಮನೆಗೆ ಬಂದಿತ್ತು. ಮೊದಲ ಪಟ್ಟಿಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ 'ಕರೆಂಟ್ ಆಫೀಸಿನ ಕವರು, ಮೂರನೇ ತಾರೀಕು ಬಂದದ್ದು' ಎಂದಿತ್ತು. ಕರೆಂಟ್ ಆಫೀಸಿಗೂ ನಮ್ಮ ಪಾತ್ರೆಗೂ ಏನಜ್ಜಿ ಸಂಬಂಧ ಎಂದು ಮೊಮ್ಮಗಳು ನಕ್ಕಿದ್ದಳು.

ಮೊದಲ ವಾರಗಳಲ್ಲಿ ಆ ಅಡುಗೆಮನೆ ನಗುವುದಕ್ಕೂ ಅಳುವುದಕ್ಕೂ ಸಾಕಾಗುವಷ್ಟನ್ನು ಕಂಡಿತು. ಗಂಡ ಉಪ್ಪಿಲ್ಲದ ಬೇಳೆ ಮಾಡಿದ, ಮರುವಾರ ಎರಡು ವಾರದ ಉಪ್ಪು ಒಟ್ಟಿಗೆ ಹಾಕಿದ. ಮಗಳು ಬುಧವಾರವೆಂದರೆ ಮೊಟ್ಟೆ, ಬ್ರೆಡ್ಡು ಎಂದು ತೀರ್ಮಾನಿಸಿ ಅದಕ್ಕೆ ಬೇರೆ ಬೇರೆ ಹೆಸರಿಟ್ಟು ಬಡಿಸಿದಳು. ಪಾತ್ರೆಯ ವಿಷಯದಲ್ಲಿ ಗಂಡನಿಗೆ ಅವನದೇ ಒಂದು ಸಿದ್ಧಾಂತವಿತ್ತು: ನೀರು ತುಂಬಿಸಿಟ್ಟರೆ ಪಾತ್ರೆ ತನ್ನನ್ನು ತಾನೇ ಅರ್ಧ ತೊಳೆದುಕೊಳ್ಳುತ್ತದೆ. ಅತ್ತೆ ಮರುದಿನ ಬೆಳಿಗ್ಗೆ ತಪ್ಪು ಗುರುತಿನ ಪಕ್ಕ 'ನೆನೆಸಿದ್ದಾನೆ, ತೊಳೆದಿಲ್ಲ' ಎಂದು ಬರೆಯುತ್ತಿದ್ದರು.

ಟೇಲರಕ್ಕ ಎಂಟೂ ಕಾಲಿಗೆ ಮನೆ ಸೇರಿ, ಯಾರೋ ಮಾಡಿಟ್ಟ ಅನ್ನವನ್ನು ತಟ್ಟೆಗೆ ಹಾಕಿಕೊಂಡು ಕೂರುತ್ತಿದ್ದಳು. ಹತ್ತಿದ್ದರೂ ಬೆಂದಿರದಿದ್ದರೂ ಅವಳು ಪೂರ್ತಿ ತಿನ್ನುತ್ತಿದ್ದಳು. ಬೇರೆಯವರು ಮಾಡಿದ ಅನ್ನಕ್ಕೆ ಒಂದು ರುಚಿ ಇದೆ ಎಂದು ಅವಳಿಗೆ ನಲವತ್ತನಾಲ್ಕನೇ ವಯಸ್ಸಿನಲ್ಲಿ ಗೊತ್ತಾಗಿತ್ತು.

ತರಗತಿಯಲ್ಲಿ ಹದಿನೆಂಟು ಜನ. ಕಲಿಸುತ್ತಿದ್ದ ಮೇಷ್ಟ್ರು ಮೂವತ್ತೈದು ವರ್ಷ ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು, ಕಾಗದವನ್ನು ಮಗುವಿನ ಹಾಗೆ ಎರಡು ಕೈಯಲ್ಲಿ ಎತ್ತುವವರು. ಮೊದಲ ದಿನವೇ ಅವರು ಹೇಳಿದ್ದನ್ನು ಟೇಲರಕ್ಕ ನೋಟ್‌ಬುಕ್ಕಿನ ಮೊದಲ ಸಾಲಾಗಿ ಬರೆದುಕೊಂಡಳು: ಕಾಗದ ಓದುವ ಮೊದಲು ಕವರ್ ಓದಿ. ಪುಟಕ್ಕೆ ನಂಬರು ಹಾಕುವುದು, ಅನುಬಂಧಗಳನ್ನು ಜೋಡಿಸುವುದು, ಕಡತ ಕಟ್ಟುವುದು ಇವೆಲ್ಲ ಅವಳಿಗೆ ಸಲೀಸಾದವು. ದಿನಕ್ಕೆ ನಲವತ್ತು ಬಟ್ಟೆಗೆ ಚೀಟಿ ಕಟ್ಟಿದ ಕೈ ಅದು. ತಲೆ ಬಿಸಿಯಾಗುತ್ತಿದ್ದುದು ಕಾನೂನಿನ ವಾಕ್ಯಗಳಿಂದ. ಒಂದೊಂದು ವಾಕ್ಯವೂ ಬಡವರ ಕೈಗೆ ಸಿಗಬಾರದೆಂದೇ ಎತ್ತರದ ಅಟ್ಟದ ಮೇಲೆ ಇಟ್ಟಂತಿರುತ್ತಿತ್ತು. ಅವಳು ಅವನ್ನು ಹೊಲಿಗೆ ಬಿಚ್ಚುವ ಹಾಗೆ ತುದಿಯಿಂದ ಒಂದೊಂದೇ ನೂಲು ಎಳೆದು ಬಿಚ್ಚಲು ಕಲಿತಳು.

ಪಾಸಾಗಬೇಕಾದರೆ ಕೊನೆಗೆ ಪ್ರತಿಯೊಬ್ಬರೂ ಒಂದು ನಿಜವಾದ ಕಡತ ಕಟ್ಟಬೇಕಿತ್ತು. ಅರ್ಜಿ ಗೆಲ್ಲಲೇಬೇಕೆಂದಿಲ್ಲ, ಆದರೆ ಕಚೇರಿ ಅದನ್ನು ವಿಚಾರಣೆಗೆ ತೆಗೆದುಕೊಳ್ಳಬೇಕು. ಬಾಗಿಲಲ್ಲೇ ತಿರಸ್ಕಾರವಾದರೆ ನೀವು ಕಟ್ಟಿದ್ದು ಕಡತವಲ್ಲ, ರದ್ದಿ ಎಂದಿದ್ದರು ಮೇಷ್ಟ್ರು. ಫೇಲಾದವರು ಮುಂದಿನ ವರ್ಷ ಮೊದಲಿಂದ ಬರಬೇಕು.

ಕಡತ ಹುಡುಕಿಕೊಂಡು ಟೇಲರಕ್ಕ ಎಲ್ಲೂ ಹೋಗಬೇಕಾಗಲಿಲ್ಲ. ನಾಲ್ಕನೇ ತಿಂಗಳ ಒಂದು ಬುಧವಾರ ಅದೇ ಮನೆ ಬಾಗಿಲಿಗೆ ಬಂತು. ಹತ್ತನೇ ತಾರೀಕು, ಹನ್ನೆರಡು ಮನೆಗೂ ಹನ್ನೆರಡು ಕವರು. ಕಟ್ಟಡದ ಹಿಂದಿನ ಅಂಗಳವನ್ನು ಕಾರು ನಿಲ್ಲಿಸಲು ಬಾಡಿಗೆಗೆ ಕೊಡಲು ಮಾಲೀಕರ ಕಂಪನಿ ನಗರಸಭೆಗೆ ಅನುಮತಿ ಕೇಳಿದೆ, ಆಕ್ಷೇಪಣೆ ಇದ್ದವರು ಈ ನೋಟೀಸು ಅಂಚೆಗೆ ಬಿದ್ದ ಹದಿನೈದು ದಿನದೊಳಗೆ ಸಲ್ಲಿಸಬೇಕು.

ಅಂಗಳದಲ್ಲಿ ನಾಲ್ಕು ನಲ್ಲಿ, ಆರು ಒಗೆಯುವ ಕಲ್ಲು, ಗೋಡೆಯಿಂದ ಗೋಡೆಗೆ ಕಟ್ಟಿದ ಹದಿನೈದು ಹಗ್ಗ. ಮಾಲೀಕರ ನಕ್ಷೆಯಲ್ಲಿ ಅದಕ್ಕೆ 'ಖಾಲಿ ಜಾಗ' ಎಂದು ಬರೆದಿತ್ತು. ಹನ್ನೆರಡು ಮನೆಯ ಹೆಂಗಸರು ಮೂವತ್ತು ವರ್ಷದಿಂದ ಬೆನ್ನು ಬಗ್ಗಿಸಿ ಒಗೆದು, ಹಿಂಡಿ, ಹರವಿದ ಜಾಗ ಖಾಲಿಯಂತೆ. ದುಡಿಯುವವರು ಕಣ್ಣಿಗೆ ಬೀಳದಿದ್ದರೆ ದುಡಿದ ನೆಲವೂ ಖಾಲಿಯಾಗಿಯೇ ಕಾಣುತ್ತದೆ. ಎರಡನೇ ಮಹಡಿಯ ನರ್ಸು, ತನ್ನ ಯೂನಿಫಾರಮ್ಮನ್ನು ಇನ್ನು ಕಾರಿನ ಬಾನೆಟ್ಟಿನ ಮೇಲೆ ಒಣಗಿಸುವುದಾಗಿ ಹೇಳಿದಳು. ಎಲ್ಲರೂ ಟೇಲರಕ್ಕನ ಮುಖ ನೋಡಿದರು.

ಅವಳು ನೋಟೀಸನ್ನು ಮನೆಗೆ ತಂದು ಮೂರು ಸಲ ಓದಿದಳು. ಆಮೇಲೆ, ಮಡಿಕೆ ಕಂಡರೆ ಸುಮ್ಮನಿರಲಾರದ ಕೈ, ಅದರ ಮೇಲೆ ತೆಳುಬಟ್ಟೆ ಹಾಸಿ ಹದವಾಗಿ ಇಸ್ತ್ರಿ ಎಳೆದಳು. ನೋಟೀಸು ಹೊಸ ಹಾಳೆಯ ಹಾಗೆ ಮಟ್ಟಸವಾಯಿತು. ಕವರು ಎಲ್ಲಿ ಹೋಯಿತೆಂದು ನೋಡಲಿಲ್ಲ. ನೋಟ್‌ಬುಕ್ಕಿನ ಮೊದಲ ಸಾಲು ಅವತ್ತು ಅವಳಿಗೆ ನೆನಪಾಗಲಿಲ್ಲ.

ಒಂದು ವಾರ ಮನೆಮನೆಗೆ ಹೋಗಿ ಹೇಳಿಕೆ ಬರೆದುಕೊಂಡಳು. ಹತ್ತೊಂಬತ್ತನೇ ತಾರೀಕು ಶುಕ್ರವಾರ, ಹನ್ನೆರಡು ಸಹಿ, ಅಂಗಳದ ಎರಡು ಫೋಟೋ, ಕಟ್ಟಡದ ಹಳೆಯ ನಕ್ಷೆಯ ಪ್ರತಿ ಎಲ್ಲ ಸೇರಿಸಿ ವಕೀಲೆಗೆ ತೋರಿಸಿ ನಗರಸಭೆಗೆ ಕೊಟ್ಟು ಬಂದಳು.

ಅದೇ ವಾರ ಮನೆಯಲ್ಲಿ ಗಂಡನ ಅತಿ ಕೆಟ್ಟ ವಾರವೂ ಆಗಿತ್ತು. ಡಿಪೋದಲ್ಲಿ ಕೇರಂ ಪಂದ್ಯ. ಸೋಮವಾರ ಅಡುಗೆಗೆ ಬರಲಿಲ್ಲ, ಪಾತ್ರೆಯನ್ನೂ ತೊಳೆಯಲಿಲ್ಲ. ಮಂಗಳವಾರ ನೆನೆಸಿದ. ಗುರುವಾರದ್ದು ತೊಳೆದಿದ್ದೇನೆ ಎಂದ, ಅತ್ತೆ ಬಾಣಲೆಯ ತಳಕ್ಕೆ ಹೆಬ್ಬೆರಳು ಉಜ್ಜಿ ತೋರಿಸಿದರು. ಶುಕ್ರವಾರ ಅನ್ನ ಹತ್ತಿಸಿದ. ಶನಿವಾರ ಬೆಳಿಗ್ಗೆ ಪಟ್ಟಿಯಲ್ಲಿ ಐದು ತಪ್ಪು ಗುರುತು, ಕಾರಣಸಹಿತ. ಮೇಲಿನ ಮಹಡಿಯ ಇನ್ನೊಬ್ಬ ಡ್ರೈವರು ಸಕ್ಕರೆ ಕೇಳುವ ನೆಪದಲ್ಲಿ ಬಂದವನು ಅದನ್ನು ನಿಂತು ಓದಿ, ಓದಿದ್ದನ್ನು ಡಿಪೋದಲ್ಲಿ ಹಂಚಿದ. ಮಧ್ಯಾಹ್ನ ಮನೆಗೆ ಬಂದ ಗಂಡ ಪಟ್ಟಿಯನ್ನು ಪಿನ್ನುಸಹಿತ ಕಿತ್ತ. ಸಂಜೆ ಕೇಳಿದರೆ ಹರಿದು ಹಾಕಿದೆ ಎಂದ. ಸೋಮವಾರ ಹೊಸ ಪಟ್ಟಿ ಬಂತು.

ಹತ್ತು ದಿನದ ಮೇಲೆ ನಗರಸಭೆಯಿಂದ ಉತ್ತರ ಬಂತು. ನೋಟೀಸು ಒಂದನೇ ತಾರೀಕಿಗೆ ಅಂಚೆಗೆ ಹಾಕಿದ್ದಾಗಿ ಕಂಪನಿಯ ರಿಜಿಸ್ಟರು ಹೇಳುತ್ತದೆ, ಆಕ್ಷೇಪಣೆ ಮೂರು ದಿನ ತಡವಾಗಿದೆ, ಅಲ್ಲವೆನ್ನುವುದಾದರೆ ಮುಂದಿನ ಹದಿನಾಲ್ಕರಂದು ಹನ್ನೊಂದು ಗಂಟೆಗೆ ಪುರಾವೆಯೊಂದಿಗೆ ಹಾಜರಾಗತಕ್ಕದ್ದು.

ಮೇಷ್ಟ್ರು ಅದನ್ನು ಎರಡು ಕೈಯಲ್ಲಿ ಹಿಡಿದು ಓದಿದರು. ಮೇಲೆ ಒಂದನೇ ತಾರೀಕು ಅಚ್ಚುಹಾಕಿ ಒಂದು ವಾರ ಮೇಜಿನೊಳಗೆ ಇಟ್ಟುಕೊಂಡು ಆಮೇಲೆ ಕಳಿಸುವ ಆಟ ತಮಗೆ ಹಳೆಯದು ಎಂದರು. ಬಡವರ ಮನೆಯಲ್ಲಿ ಕವರು ಉಳಿಯುವುದಿಲ್ಲವೆಂಬ ಧೈರ್ಯದಲ್ಲೇ ಇಂಥ ಆಟ ನಡೆಯುವುದು. ಆಮೇಲೆ ತಲೆಯೆತ್ತಿ ಕೇಳಿದರು.

"ಕವರ್ ಎಲ್ಲಮ್ಮ?"

ನೋಟೀಸು ಇದೆ ಸರ್, ಇಸ್ತ್ರಿ ಮಾಡಿಟ್ಟಿದ್ದೀನಿ, ಎಂದಳು ಟೇಲರಕ್ಕ. ಮಡಿಕೆ ಇದ್ದಿದ್ದರೆ ಕವರಿನ ಅಳತೆಯಾದರೂ ಹೊಂದಿಸಬಹುದಿತ್ತು ಎಂದರು ಮೇಷ್ಟ್ರು, ಬೇರೇನೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಎರಡು ಸಂಜೆ ಅವಳು ಕಟ್ಟಡದ ಮೆಟ್ಟಿಲು ಹತ್ತಿ ಇಳಿದಳು. ಒಂದು ಮನೆಯಲ್ಲಿ ಕವರು ಒಲೆ ಹಚ್ಚಲು ಹೋಗಿತ್ತು, ಇನ್ನೊಂದರಲ್ಲಿ ಅಲುಗುವ ಮೇಜಿನ ಕಾಲಡಿ ಸೇರಿ ನೀರಲ್ಲಿ ಕರಗಿತ್ತು, ಉಳಿದವರದು ಕಸದ ಬುಟ್ಟಿ. ನರ್ಸು ತನ್ನ ಚೀಲವನ್ನೆಲ್ಲ ಮಂಚದ ಮೇಲೆ ಸುರಿದು ಹುಡುಕಿ, ಕಳೆದುಹೋದ ಎರಡು ಕಿವಿಯೋಲೆ ಸಿಕ್ಕವೆಂದು ಹೇಳಿದಳು.

ಮನೆಗೆ ಬಂದು ತಟ್ಟೆಯ ಮುಂದೆ ಕೂತಳು. ಅವತ್ತು ಶುಕ್ರವಾರ, ಗಂಡನ ಅಡುಗೆ, ಅಪರೂಪಕ್ಕೆ ಎಲ್ಲ ಸರಿಯಾಗಿ ಬೆಂದಿತ್ತು. ಅವಳು ಅನ್ನದಲ್ಲಿ ಬರೀ ಕೈಯಾಡಿಸಿದಳು.

"ನನ್ನ ಕೋರ್ಸ್ ಮುಗಿಯಲ್ಲ ಅತ್ತೆ. ಕವರಿಲ್ಲ. ಆಕ್ಷೇಪಣೆ ತಗೊಳ್ಳಲ್ಲ, ಅಂಗಳವೂ ಹೋಗತ್ತೆ. ಮತ್ತೆ ಓದಬೇಕಂದ್ರೆ ಮುಂದಿನ ವರ್ಷ. ನೀವು ಕೊಟ್ಟಿದ್ದು ಆರೇ ತಿಂಗಳು."

"ಯಾವತ್ತು ಬಂದ ಕವರು?"

"ಹತ್ತು. ಬುಧವಾರ."

ಅತ್ತೆ ಮಂಡಿ ಹಿಡಿದುಕೊಂಡು ಎದ್ದು ಒಳಗಿನಿಂದ ಬಿಸ್ಕತ್ತಿನ ಹಳೆಯ ಡಬ್ಬಿ ತಂದರು. ಮುಚ್ಚಳ ತೆಗೆದರೆ ನಾಲ್ಕು ತಿಂಗಳ ಪಾಳಿ ಪಟ್ಟಿಗಳು, ವಾರದ ಕ್ರಮದಲ್ಲಿ, ರಬ್ಬರ್ ಹಾಕಿದ ಕಟ್ಟು. ಟೇಲರಕ್ಕ ಒಂದೊಂದನ್ನೇ ಮಗುಚಿದಳು. ಹಿಂಬದಿಯಲ್ಲಿ ಒಂದೊಂದು ಅಂಚೆ ಮುದ್ರೆ, ಒಂದೊಂದು ಕಚೇರಿಯ ಹೆಸರು. ಹತ್ತರಂದು ಬಂದ ಕವರು ಅದರ ಮುಂದಿನ ಸೋಮವಾರದ ಪಟ್ಟಿಯಾಗಿರಬೇಕು. ಎಂಟರ ವಾರ ಇತ್ತು. ಇಪ್ಪತ್ತೆರಡರ ವಾರ ಇತ್ತು.

"ಹದಿನೈದರ ವಾರದ್ದಿಲ್ಲ," ಎಂದಳು ಮಗಳು.

ಮೂರು ಹೆಂಗಸರೂ ಒಟ್ಟಿಗೆ ಒಂದು ಕಡೆ ತಿರುಗಿದರು. ಗಂಡ ಜೀವನದಲ್ಲಿ ಎಂದೂ ಇಲ್ಲದ ಏಕಾಗ್ರತೆಯಿಂದ ಊಟ ಮಾಡುತ್ತಿದ್ದ.

"ಹರಿದು ಹಾಕಿದೆ ಅಂದೆನಲ್ಲ," ಎಂದು ತಟ್ಟೆಗೆ ಹೇಳಿದ. ಆಮೇಲೆ ಎದ್ದು, ಯಾರೂ ಹೇಳದೆ, ಎಲ್ಲರ ತಟ್ಟೆಯನ್ನೂ ತೊಳೆದ. ಅದು ಮನೆಯಲ್ಲಿ ಯಾರಿಗೂ ಒಳ್ಳೆಯ ಲಕ್ಷಣವಾಗಿ ಕಾಣಲಿಲ್ಲ.

ಸೋಮವಾರ ಮಧ್ಯಾಹ್ನ ಎರಡು ಗಂಟೆಯ ಹೊತ್ತು. ಟೇಲರಕ್ಕ ಅಂಗಡಿಯ ಹಿಂದಿನ ಕೋಣೆಯಲ್ಲಿ ಯಾರದೋ ಮದುವೆ ಕೋಟಿನ ತೋಳು ಬಿಚ್ಚುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಗಂಡ, ಖಾಕಿ ಅಂಗಿ, ಹೆಗಲಲ್ಲಿ ಡ್ಯೂಟಿ ಚೀಲ. ಹದಿನಾರು ವರ್ಷದಲ್ಲಿ ಅವನು ಆ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು. ಸುತ್ತ ನೋಡಿದ. ನೇತಾಡುವ ಕೋಟುಗಳು, ನೆಲದ ಮೇಲೆ ನೂಲಿನ ಚೂರು, ಕಿಟಕಿಯಿಲ್ಲದ ಗೋಡೆ.

"ಇಷ್ಟೇ ಜಾಗಾನಾ?" ಎಂದ.

"ಇಷ್ಟೇ."

ಅವನು ಚೀಲದ ತಳದಿಂದ, ಬಸ್ಸಿನ ಟ್ರಿಪ್ ಶೀಟುಗಳ ನಡುವಿನಿಂದ, ನಾಲ್ಕು ಮಡಿಕೆಯಾದ ಒಂದು ಕಾಗದ ತೆಗೆದು ಹೊಲಿಗೆ ಮಿಷಿನ್ನಿನ ಮೇಲೆ ಇಟ್ಟ.

"ಹರಿಯೋಕೇ ಹೋದೆ ಕಣೇ. ಅಮ್ಮನ ಅಕ್ಷರ. ಕೈ ಬರಲಿಲ್ಲ."

ಟೇಲರಕ್ಕ ಬಿಡಿಸಿದಳು. ಒಳಗೆ ಅವನ ಐದು ತಪ್ಪು. ಹೊರಗೆ ಮೂಲೆಯಲ್ಲಿ ಕಂಪನಿಯ ಹೆಸರು, ಅಂಚೆಚೀಟಿಯ ಮೇಲೆ ದುಂಡಗೆ ಬಿದ್ದ ಮುದ್ರೆ. ಎಂಟನೇ ತಾರೀಕು. ಅವಳು ಅದನ್ನು ದೀಪಕ್ಕೆ ಹಿಡಿದು ಇನ್ನೊಮ್ಮೆ ಓದಿದಳು.

"ಇದನ್ನ ಕೊಟ್ಟರೆ ಅಲ್ಲಿ ಎಲ್ಲಾ ಓದ್ತಾರಾ?"

"ಓದ್ತಾರೆ."

"ಒಳಗಿಂದೂ?"

"ಒಳಗಿಂದೂ."

ಅವನು ಕೋಟಿನ ತೋಳನ್ನು ಎತ್ತಿ ನೋಡಿ ಇಟ್ಟ. "ನೀನು ಟೇಲರು. ಒಳಗಡೆ ಒಂದು ಲೈನಿಂಗ್ ಹಾಕಿ ಮುಚ್ಚೋಕಾಗಲ್ವಾ?"

"ಮುಚ್ಚಿದ್ರೆ, ಇವರೂ ಏನೋ ಮುಚ್ಚಿಡ್ತಿದಾರೆ ಅಂತಾರೆ."

ಡಿಪೋದಲ್ಲಿ ಇನ್ನೂ ಆರು ತಿಂಗಳು ಇದೇ ಮಾತು ನಡೆಯುತ್ತದೆ ಎಂದ. ನಡೆಯುತ್ತದೆ ಎಂದು ಅವಳೂ ಒಪ್ಪಿದಳು. ಅವನು ಬಾಗಿಲವರೆಗೆ ಹೋಗಿ ತಿರುಗಿ ನಿಂತ.

"ಕೊಡು. ಆದ್ರೆ ಗುರುವಾರ ನಾನು ತೊಳೆದಿದ್ದೆ. ಅಮ್ಮ ಸುಮ್ಮನೆ ತಪ್ಪು ಹಾಕಿದಾಳೆ. ಅದನ್ನೂ ಅಲ್ಲಿ ಹೇಳು."

"ಅದಕ್ಕೆ ಬೇರೆ ಅರ್ಜಿ ಹಾಕ್ಬೇಕು ರೀ."

ಅವನು ನಕ್ಕ. ಅವಳು ಆ ಕಾಗದಕ್ಕೆ ಇಸ್ತ್ರಿ ಹಾಕಲಿಲ್ಲ.

ಹದಿನಾಲ್ಕನೇ ತಾರೀಕು ನಗರಸಭೆಯ ಕಟ್ಟಡ ವಿಭಾಗದ ಕೋಣೆಯಲ್ಲಿ ಕುರ್ಚಿ ಆರು, ಹೋದವರು ಹದಿಮೂರು ಜನ. ಹೆಂಗಸರು ಗೋಡೆಗೆ ಒರಗಿ ನಿಂತರು. ಅತ್ತೆಗೆ ಒಂದು ಕುರ್ಚಿ ಸಿಕ್ಕಿತು. ಗಂಡ ರಜೆ ಹಾಕಿ ಬಂದು, ಒಳಗೆ ಬರದೆ ಬಾಗಿಲ ಹೊರಗೆ ನಿಂತ. ಅಲ್ಲಿಂದ ಎಲ್ಲವೂ ಕೇಳಿಸುತ್ತಿತ್ತು. ಕಂಪನಿಯ ಮ್ಯಾನೇಜರು ತನ್ನ ರಿಜಿಸ್ಟರನ್ನು ಬಿಡಿಸಿ ಒಂದನೇ ತಾರೀಕಿನ ಸಾಲಿನ ಮೇಲೆ ಬೆರಳಿಟ್ಟು ಕೂತಿದ್ದ. ವಕೀಲೆ ನಾಲ್ಕು ಮಾತಿನಲ್ಲಿ ವಿಷಯ ಹೇಳಿದಳು. ಅನುಬಂಧ ಮೂರು ಎಂದಾಗ ಟೇಲರಕ್ಕ ಎದ್ದು ಕವರನ್ನು ಮೇಜಿನ ಮೇಲಿಟ್ಟಳು.

ಅಧಿಕಾರಿ ಮುದ್ರೆ ನೋಡಿದರು. ಮಗುಚಿದರು. ಅವರ ಕಣ್ಣು ಒಳಮೈಯ ಮೇಲೆ ಸಾಲಿನಿಂದ ಸಾಲಿಗೆ ಇಳಿಯುತ್ತ ಹೋಯಿತು. ಹೊರಗೆ ಗಂಡ ಕೆಮ್ಮಿದ.

"ಸರ್, ಇದು ಅಡುಗೆಮನೆ ಚೀಟಿ," ಎಂದ ಮ್ಯಾನೇಜರು. "ನಮ್ಮ ಕಂಪನಿಯಿಂದ ಇವರಿಗೆ ನೂರು ಕಾಗದ ಹೋಗಿರ್ತವೆ. ಯಾವುದೋ ಕವರು ತಂದು ಇದರದ್ದೇ ಅಂದ್ರೆ? ನೋಟೀಸಿನಲ್ಲಿ ಮಡಿಕೇನೇ ಇಲ್ಲ, ನೋಡಿ, ಅದು ಕವರೊಳಗೆ ಬಂದದ್ದೋ ಅಲ್ವೋ ಅಂತಲೇ ಹೇಳೋಕಾಗಲ್ಲ."

ಟೇಲರಕ್ಕ ಅಧಿಕಾರಿಯ ಕಡೆ ತಿರುಗಿದಳು. ಇಸ್ತ್ರಿ ಹಾಕಿದವಳು ನಾನೇ, ಮಡಿಕೆ ಕಂಡರೆ ಬಿಡುವುದಿಲ್ಲ, ಅದು ನನ್ನ ಕಸುಬು ಎಂದು ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಆಮೇಲೆ, ಕವರಿನ ಕೆಳಮೂಲೆ ನೋಡಬೇಕು ಸರ್ ಎಂದಳು. ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಸಣ್ಣಕ್ಷರವನ್ನು ಜೋರಾಗಿ ಓದಿದರು: 'ಅಂಗಳದ ನೋಟೀಸಿನ ಕವರು. ಹತ್ತನೇ ತಾರೀಕು, ಬುಧವಾರ ಬಂದದ್ದು.'

"ಇದನ್ನ ಬರೆದವರು ಯಾರು?"

ಅತ್ತೆ ಕುರ್ಚಿಯ ಕೈ ಹಿಡಿದು ಎದ್ದರು. "ನಾನು."

"ಇದೆಲ್ಲ ಆಮೇಲೆ ಸೇರಿಸಿ ಬರೆದದ್ದು, ಸುಳ್ಳು ಅಂತ ಇವರು ಹೇಳಬಹುದಲ್ಲಮ್ಮ?"

ಅತ್ತೆ ಮ್ಯಾನೇಜರನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದರು, ಪ್ಯಾಕಿಂಗ್ ಸಾಲಿನಲ್ಲಿ ಮುರಿದ ಬಿಸ್ಕತ್ತನ್ನು ನೋಡುವ ಹಾಗೆ.

"ಸ್ವಾಮಿ, ಅದರಲ್ಲಿ ನಾನು ಹೆತ್ತ ಮಗನಿಗೇ ಐದು ತಪ್ಪು ಹಾಕಿದೀನಿ. ಅವನ ಮಾನ ಉಳಿಸೋಕೆ ಒಂದು ಸುಳ್ಳು ಬರೀದೆ ಇದ್ದೋಳು, ಇವರ ಕಾರಿಗೋಸ್ಕರ ಸುಳ್ಳು ಬರೀತೀನಾ?"

ಗೋಡೆಗೆ ಒರಗಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು, ನರ್ಸು ಸೆರಗು ಬಾಯಿಗಿಟ್ಟುಕೊಂಡಳು. ಅಧಿಕಾರಿ ನಗಲಿಲ್ಲ. ಮತ್ತೊಮ್ಮೆ ಪಟ್ಟಿಯನ್ನು ಮೇಲಿಂದ ಓದಿ, ಗುರುವಾರದ ಪಾತ್ರೆಯ ಮುಂದೆ 'ತಳ ಜಿಡ್ಡು, ಒಪ್ಪುವುದಿಲ್ಲ ಅಂತಾನೆ' ಎಂದಿದೆಯಲ್ಲ, ಅವನ ಮಾತನ್ನೂ ಬರೆದಿದ್ದೀರಿ ಎಂದರು. ಒಪ್ಪದವರ ಮಾತನ್ನೂ ಬರೆಯದಿದ್ದರೆ ಅದು ಪಟ್ಟಿ ಹೇಗಾಗುತ್ತದೆ ಎಂದರು ಅತ್ತೆ. ಅಧಿಕಾರಿ ಮ್ಯಾನೇಜರಿನ ರಿಜಿಸ್ಟರನ್ನು ಎಳೆದುಕೊಂಡು ಪಕ್ಕಪಕ್ಕ ಇಟ್ಟು ನೋಡಿದರು. ಒಂದನೇ ತಾರೀಕಿನ ಸಾಲು ಎರಡು ಸಾಲಿನ ನಡುವೆ ಇರುಕಿಸಿ ಬರೆದದ್ದಾಗಿತ್ತು.

ಎಂಟರಿಂದ ಲೆಕ್ಕ ಹಾಕಿದರೆ ಹನ್ನೊಂದೇ ದಿನ. ಆಕ್ಷೇಪಣೆಯನ್ನು ವಿಚಾರಣೆಗೆ ತೆಗೆದುಕೊಳ್ಳಲಾಗಿದೆ, ಸ್ಥಳ ನೋಡಿ ತೀರ್ಮಾನವಾಗುವವರೆಗೆ ಅಂಗಳ ಈಗಿರುವಂತೆಯೇ ಇರತಕ್ಕದ್ದು ಎಂದು ಬರೆಸಿದರು. ಮೂಲ ಕವರು ಕಚೇರಿಯ ಕಡತದಲ್ಲೇ ಉಳಿಯುತ್ತದೆ ಎಂದಾಗ ಅತ್ತೆ ಕೈ ಚಾಚಿದರು. ಪಟ್ಟಿ ತಗೊಂಡದ್ದಕ್ಕೆ ಒಂದು ಚೀಟಿ ಕೊಡಿ ಎಂದರು. ಕೊಟ್ಟರು, ಮೊಹರು ಹಾಕಿ.

ಹೊರಗೆ ಬಂದಾಗ ಗಂಡ ಗೋಡೆಯ ಮೇಲಿದ್ದ ಯಾವುದೋ ಸುತ್ತೋಲೆಯನ್ನು ಓದುವವನಂತೆ ನಿಂತಿದ್ದ. ಮೇಲಿನ ಮಹಡಿಯ ಡ್ರೈವರಿನ ಹೆಂಡತಿ ಅವನ ಪಕ್ಕ ನಿಂತು, ನಿಮ್ಮ ಐದು ತಪ್ಪು ನಮ್ಮ ಹದಿನೈದು ಹಗ್ಗ ಉಳಿಸಿದವು ಅಣ್ಣ, ನಮ್ಮನೆಯವರಿಗೂ ಇವತ್ತಿಂದ ಒಂದು ಪಟ್ಟಿ ಹಾಕ್ತೀನಿ ಎಂದಳು. ಅವನ ಮುಖ ಮೊದಲ ಸಲ ಅರಳಿತು. ಇನ್ನು ಡಿಪೋದಲ್ಲಿ ಅವನು ಒಬ್ಬನೇ ಅಲ್ಲ.

ತೀರ್ಮಾನ ಇನ್ನೂ ಬಂದಿಲ್ಲ. ಅಧಿಕಾರಿ ಒಂದು ಭಾನುವಾರ ಬೆಳಿಗ್ಗೆ ಅಂಗಳಕ್ಕೆ ಬಂದು, ಹದಿನೈದು ಹಗ್ಗದ ತುಂಬ ನೇತಾಡುವ ಹಸಿ ಬಟ್ಟೆಗಳ ನಡುವೆ ತಲೆ ಬಗ್ಗಿಸಿ ಓಡಾಡಿ, ಕೈಯಲ್ಲಿದ್ದ ಮಾಲೀಕರ ನಕ್ಷೆಯ 'ಖಾಲಿ ಜಾಗ' ಎಂಬುದರ ಕೆಳಗೆ ಗೆರೆ ಎಳೆದುಕೊಂಡು ಹೋದರು. ಮೇಷ್ಟ್ರು ಟೇಲರಕ್ಕನ ಕಡತವನ್ನು ತರಗತಿಯಲ್ಲಿ ಎಲ್ಲರಿಗೂ ತೋರಿಸಿದರು.

ಆರು ತಿಂಗಳು ಶನಿವಾರಕ್ಕೆ ಮುಗಿಯಿತು. ಸೋಮವಾರ ಟೇಲರಕ್ಕ ಅಂಗಡಿಯಿಂದ ಬಂದಾಗ ಕಪಾಟಿನ ಬಾಗಿಲು ಬೋಳಾಗಿತ್ತು. ಒಂದು ದಿನ ಹೆಚ್ಚಿಲ್ಲ ಎಂದದ್ದು ನೆನಪಾಯಿತು. ಅವಳು ಅಕ್ಕಿ ತೊಳೆದು ಒಲೆ ಹಚ್ಚಲು ಹೋದಳು.

"ಯಾರು ಹೇಳಿದ್ದು ನಿನಗೆ ಒಲೆ ಹಚ್ಚು ಅಂತ?" ಅತ್ತೆ ಕೂತಲ್ಲಿಂದಲೇ ಕೇಳಿದರು.

"ಪಟ್ಟಿ ಇಲ್ಲವಲ್ಲ ಅತ್ತೆ."

"ಮನೇಲಿ ಕವರಿಲ್ಲ. ಈಗ ಬಂತು, ತಗೋ."

ಕಾನೂನು ನೆರವಿನ ಕೇಂದ್ರದ್ದು. ಟೇಲರಕ್ಕ ಮೊದಲು ಮುದ್ರೆಯ ತಾರೀಕು ನೋಡಿದಳು, ಆಮೇಲೆ ತೆರೆದಳು. ಒಳಗೆ ಪ್ರಮಾಣಪತ್ರ, ಅದರ ಜೊತೆ ವಾರಕ್ಕೆ ಮೂರು ಸಂಜೆ ಬಂದು ಅರ್ಜಿ ಬರೆದುಕೊಡಲು ಸಾಧ್ಯವೇ ಎಂಬ ಪತ್ರ. ಮಗಳು ಅದನ್ನು ಕಿತ್ತುಕೊಂಡು ಜೋರಾಗಿ ಓದಿದಳು. ಅತ್ತೆ ಖಾಲಿ ಕವರನ್ನು ತೆಗೆದುಕೊಂಡು, ಚಾಕುವಿನಿಂದ ಮೂರು ಅಂಚು ಸೀಳಿ, ತೊಡೆಯ ಮೇಲೆ ಬಿಡಿಸಿ, ಸೋಮವಾರ, ಬುಧವಾರ, ಶುಕ್ರವಾರ ಎಂದು ಗೆರೆ ಹಾಕತೊಡಗಿದರು.

ಗಂಡ ಅವರ ಹೆಗಲ ಮೇಲಿಂದ ಬಗ್ಗಿ ನೋಡಿದ.

"ಅಮ್ಮ, ಈ ಸಲ ನನ್ನ ಕಡೆ ಸ್ವಲ್ಪ ನೀಟಾಗಿ ಬರಿ. ಯಾವ ಆಫೀಸಿಗೆ ಹೋಗತ್ತೋ ಏನೋ."

"ಅಕ್ಷರ ನನ್ನದು, ಗುರುತು ನಿನ್ನದು," ಎಂದರು ಅತ್ತೆ.

ಅವನು ತೋಳು ಮಡಿಸಿಕೊಂಡು ಒಳಗೆ ಹೋದ. ನೀರು ಬಿಟ್ಟ ಸದ್ದು, ಬಾಣಲೆಯನ್ನು ಬೋರಲು ಹಾಕಿ ತಳ ಉಜ್ಜುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.